ಮನೆಯಲ್ಲೇ ಜೋಡಿಸುವ ಮೊದಲ ಕಂಪ್ಯೂಟರಿಗೆ ಸರಿಹೊಂದುವ ಎಸ್‌ಎಂಪಿಎಸ್ ಆರಿಸುವುದು ಹೇಗೆ?

ಪ್ಲಸ್ ಟು ಫಲಿತಾಂಶ ಬಂದು ಕಾಲೇಜು ಸೇರುವ ನಡುವಿನ ದಿನಗಳಲ್ಲಿ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಮಕ್ಕಳಿಂದಲೂ ಅವರ ಹೆತ್ತವರಿಂದಲೂ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಪ್ರೊಸೆಸರ್ ಆಯಿತು, ಗ್ರಾಫಿಕ್ಸ್ ಕಾರ್ಡ್ ಆಯಿತು, ಇನ್ನು ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು ತೆಗೆದುಕೊಳ್ಳಬೇಕು?” ಪ್ರಶ್ನೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ನೋಡಬೇಕಾದ ನಾಲ್ಕಾರು ಸಂಗತಿಗಳಲ್ಲಿ ವ್ಯಾಟ್ ಒಂದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಆ ಸಂಖ್ಯೆಯಂತೂ ಅವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ನಂಬತಕ್ಕದ್ದು. ಮತ್ತೆ ಮತ್ತೆ ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಎಲ್ಲವನ್ನೂ ಒಂದೆಡೆ ಬರೆದಿಡುವುದು ಲೇಸೆಂದು ಈ ಬರಹ.

ಎಸ್‌ಎಂಪಿಎಸ್ ಎಂದರೆ ಸ್ವಿಚ್ಡ್ ಮೋಡ್ ಪವರ್ ಸಪ್ಲೈ. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟಿನ ಎಸಿ ವಿದ್ಯುತ್ತನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ 12, 5 ಮತ್ತು 3.3 ವೋಲ್ಟಿನ ಡಿಸಿ ವಿದ್ಯುತ್ತಾಗಿ ಬದಲಾಯಿಸಿ ಕೊಡುವ ಲೋಹದ ಡಬ್ಬಿ ಅದು. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ಪಾಲನ್ನು 12 ವೋಲ್ಟಿನ ಸಾಲಿನಿಂದಲೇ ಪಡೆಯುತ್ತವೆ ಎಂಬ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಹಂತಗಳು ಸುಲಭವಾಗುತ್ತವೆ.

ಶುರು ಮಾಡುವ ಮೊದಲು ನಿಮ್ಮ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್ ಮತ್ತು ಕ್ಯಾಬಿನೆಟ್ಟಿನ ಪೂರ್ತಿ ಮಾದರಿ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. “ಐ5 ಪ್ರೊಸೆಸರ್” ಎಂದಷ್ಟೇ ಬರೆದರೆ ಸಾಲದು. ಕೋರ್ ಐ5 ಎಂಬ ಹೆಸರಿನಲ್ಲಿ ಬೇರೆ ಬೇರೆ ಹಸಿವಿನ ಹತ್ತಾರು ಪ್ರೊಸೆಸರುಗಳಿವೆ.

1. ಎಷ್ಟು ವಿದ್ಯುತ್ ಬೇಕೆಂದು ಲೆಕ್ಕ ಹಾಕಿ

ಪ್ರೊಸೆಸರ್ ಗರಿಷ್ಠವಾಗಿ ಎಷ್ಟು ವ್ಯಾಟ್ ಎಳೆಯುತ್ತದೆಂಬುದನ್ನು ತಯಾರಕರ ವಿವರಪಟ್ಟಿಯಲ್ಲಿ ನೋಡಿ. ಇಲ್ಲಿ ಎಡವುವವರು ಬಹಳ. ಕೋರ್ ಐ5-12400ಎಫ್ ಪ್ರೊಸೆಸರಿಗೆ 65 ವ್ಯಾಟ್ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಮೂಲ ವೇಗದ ಲೆಕ್ಕ. ಹೊರೆ ಬಿದ್ದಾಗ ಏರುವ ಟರ್ಬೋ ವೇಗದಲ್ಲಿ ಅದು 117 ವ್ಯಾಟಿನವರೆಗೆ ಹೋಗಬಹುದೆಂದು ಇಂಟೆಲ್ ಕಂಪನಿಯೇ ಪಟ್ಟಿಯಲ್ಲಿ ಕೊಟ್ಟಿದೆ. ಎಎಂಡಿಯ ರೈಜನ್ 5 5600 ಕೂಡ 65 ವ್ಯಾಟಿನದೆಂದು ಹೆಸರಾದರೂ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ನಿಮ್ಮ ಲೆಕ್ಕಕ್ಕೆ ದೊಡ್ಡ ಸಂಖ್ಯೆಯನ್ನೇ ಹಿಡಿಯಿರಿ.

ಗ್ರಾಫಿಕ್ಸ್ ಕಾರ್ಡಿನ ವ್ಯಾಟನ್ನು ಅದಕ್ಕೆ ಕೂಡಿಸಿ. ಆರ್‌ಟಿಎಕ್ಸ್ 3060 ಕಾರ್ಡಿಗೆ 170, ಆರ್‌ಟಿಎಕ್ಸ್ 4060 ಕಾರ್ಡಿಗೆ 115, ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್, ಮೂರು ನಾಲ್ಕು ಫ್ಯಾನುಗಳು, ಇವಿಷ್ಟಕ್ಕೂ ಸೇರಿಸಿ 60 ವ್ಯಾಟ್ ಎಂದಿಟ್ಟುಕೊಂಡರೆ ಮೊದಲ ಕಂಪ್ಯೂಟರಿಗೆ ಸಾಕು. ಬಿಡಿಬಿಡಿಯಾಗಿ ಲೆಕ್ಕ ಹಾಕಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಉದಾಹರಣೆಗೆ ಐ5-12400ಎಫ್ ಮತ್ತು ಆರ್‌ಟಿಎಕ್ಸ್ 3060 ಜೋಡಿಯನ್ನು ತೆಗೆದುಕೊಂಡರೆ 117, 170 ಮತ್ತು 60 ಸೇರಿ 347 ವ್ಯಾಟ್ ಆಗುತ್ತದೆ. ಇದನ್ನು ಒಂದೂವರೆ ಪಾಲು ಮಾಡಿದರೆ ಸುಮಾರು 520; ಅದಕ್ಕೆ ಮೇಲಿನ ಸಿಗುವ ಅಳತೆ 550 ವ್ಯಾಟ್. ಎನ್‌ವಿಡಿಯಾ ಈ ಕಾರ್ಡಿಗೆ ಸೂಚಿಸಿರುವುದೂ 550 ವ್ಯಾಟನ್ನೇ. ಒಂದೂವರೆ ಪಾಲು ಏಕೆಂದರೆ, ಗ್ರಾಫಿಕ್ಸ್ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಸಮಯದ ಮಟ್ಟಿಗೆ ತಮ್ಮ ಹೇಳಿಕೆಯ ವ್ಯಾಟನ್ನು ಮೀರಿ ಎಳೆಯುತ್ತವೆ, ಮತ್ತು ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಅರ್ಧದಿಂದ ಮುಕ್ಕಾಲರವರೆಗೆ ದುಡಿಯುವಾಗ ಹೆಚ್ಚು ಬಿಸಿಯಾಗದೆ, ಫ್ಯಾನಿನ ಸದ್ದಿಲ್ಲದೆ ಬಾಳುತ್ತದೆ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿಗೆ ಒಳ್ಳೆಯ 400 ಅಥವಾ 450 ವ್ಯಾಟಿನದು ಧಾರಾಳವಾಯಿತು. “ಇರಲಿ, ಮುಂದಕ್ಕಾಯಿತು” ಎಂದು 1000 ವ್ಯಾಟಿನದನ್ನು ಕೊಂಡರೆ ಅದರಿಂದ ಕರೆಂಟು ಬಿಲ್ಲೇನೂ ಏರುವುದಿಲ್ಲ, ಕಂಪ್ಯೂಟರ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಆದರೆ ಆ ಹಣವನ್ನು ರ‍್ಯಾಮಿಗೆ ಹಾಕಿದ್ದರೆ ದಿನವೂ ಉಪಯೋಗಕ್ಕೆ ಬರುತ್ತಿತ್ತು.

2. ಪೆಟ್ಟಿಗೆಯನ್ನು ಬಿಟ್ಟು ಮೈಮೇಲಿನ ಚೀಟಿಯನ್ನು ಓದಿ

ಎಲ್ಲ ಹಂತಗಳಲ್ಲಿ ಇದು ಮುಖ್ಯವಾದದ್ದು. ಪ್ರತಿ ಎಸ್‌ಎಂಪಿಎಸ್ಸಿನ ಒಂದು ಪಕ್ಕದಲ್ಲಿ ಸಣ್ಣ ಕೋಷ್ಟಕವಿರುವ ಚೀಟಿ ಅಂಟಿಸಿರುತ್ತದೆ. ಅದರಲ್ಲಿ +3.3ವಿ, +5ವಿ, +12ವಿ ಎಂಬ ಕಾಲಂಗಳಿದ್ದು, ಪ್ರತಿಯೊಂದರ ಕೆಳಗೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂದು ಬರೆದಿರುತ್ತದೆ. +12ವಿ ಕೆಳಗಿನ ಆಂಪಿಯರನ್ನು 12ರಿಂದ ಗುಣಿಸಿ. ಬರುವ ಉತ್ತರವೇ ಆ ಡಬ್ಬಿಯ ನಿಜವಾದ ತಾಕತ್ತು.

ಬದಿಯಡ್ಕದ ಸಂಬಂಧಿಕರೊಬ್ಬರ ಮನೆಯಲ್ಲಿ ಆಟ ಶುರು ಮಾಡಿದೊಡನೆ ಆರಿಹೋಗುತ್ತಿದ್ದ ಕಂಪ್ಯೂಟರಿನ ಪಕ್ಕದ ಬಾಗಿಲು ತೆಗೆದಾಗ ನಾನು ಕಂಡದ್ದು ಹೀಗಿತ್ತು: ಮೇಲೆ ಕೆಂಪಕ್ಷರದಲ್ಲಿ 450, ಕೆಳಗೆ ಚೀಟಿಯಲ್ಲಿ +12ವಿ ಎದುರು 16 ಆಂಪಿಯರ್. ಹನ್ನೆರಡು ಹದಿನಾರಲೆ ನೂರ ತೊಂಬತ್ತೆರಡು. ಉಳಿದ ವ್ಯಾಟುಗಳನ್ನು ಈಗಿನ ಯಂತ್ರ ಬಹುತೇಕ ಮುಟ್ಟದ 5 ಮತ್ತು 3.3 ವೋಲ್ಟಿನ ಸಾಲುಗಳಿಗೆ ಹಂಚಿ ಲೆಕ್ಕ ಭರ್ತಿ ಮಾಡಿದ್ದರು. ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಸೇರಿ 192 ವ್ಯಾಟ್ ಮಾತ್ರ ಸಿಗುವಲ್ಲಿ ಕಂಪ್ಯೂಟರ್ ಆರದೆ ಇನ್ನೇನು ಮಾಡೀತು? ಒಳ್ಳೆಯ 550 ವ್ಯಾಟಿನ ಎಸ್‌ಎಂಪಿಎಸ್ಸಿನಲ್ಲಿ +12ವಿ ಕೆಳಗೆ 45 ಆಂಪಿಯರಿನ ಆಸುಪಾಸು ಇರುತ್ತದೆ, ಅಂದರೆ 540 ವ್ಯಾಟ್. ಹೆಚ್ಚುಕಡಿಮೆ ಎಲ್ಲವೂ ಬೇಕಾದ ಕಡೆಗೇ.

ಚೀಟಿ ಓದುವಾಗ ಮೂರು ಎಚ್ಚರಿಕೆಗಳು. ಕೆಲವದರಲ್ಲಿ 12ವಿ1, 12ವಿ2 ಎಂದು ಎರಡು ಸಾಲುಗಳಿರುತ್ತವೆ. ಎರಡರ ಆಂಪಿಯರುಗಳನ್ನು ಸುಮ್ಮನೆ ಕೂಡಿಸಬೇಡಿ, ಕೆಳಗೆ ಎರಡಕ್ಕೂ ಸೇರಿ ಕೊಟ್ಟಿರುವ ಒಟ್ಟು ವ್ಯಾಟನ್ನು ನೋಡಿ. ‘ಪೀಕ್’ ಎಂಬ ಮಾತಿದ್ದರೆ ಅದು ಕ್ಷಣಕಾಲದ ಮಾತು. ನಿಮಗೆ ಬೇಕಾದದ್ದು ನಿರಂತರವಾಗಿ ಕೊಡಬಲ್ಲ ವ್ಯಾಟ್. ಆಂಪಿಯರಿನ ಕೋಷ್ಟಕವೇ ಇಲ್ಲದ ಎಸ್‌ಎಂಪಿಎಸ್ ಎಷ್ಟೇ ಅಗ್ಗವಾಗಿದ್ದರೂ ಅಂಗಡಿಯಲ್ಲೇ ಬಿಟ್ಟುಬನ್ನಿ.

ಕ್ಯಾಬಿನೆಟ್ಟಿನ ಜೊತೆ ‘ಉಚಿತವಾಗಿ’ ಬರುವ ಎಸ್‌ಎಂಪಿಎಸ್ಸುಗಳಿಗೂ ಇದೇ ಪರೀಕ್ಷೆ. ಹಳೆಯ ರಿಪೇರಿಯವರು ಡಬ್ಬಿಯನ್ನು ಕೈಯಲ್ಲಿ ಹಿಡಿದು ತೂಕ ನೋಡುತ್ತಿದ್ದರು. ಅದು ಪೂರ್ತಿ ಹುರುಳಿಲ್ಲದ ಕ್ರಮವಲ್ಲ, ಆದರೆ ಚೀಟಿಗೆ ಬದಲಿಯೂ ಅಲ್ಲ.

3. ಕನೆಕ್ಟರುಗಳು ಹೊಂದುತ್ತವೆಯೇ ನೋಡಿ

ಕನೆಕ್ಟರ್ ಎಂದರೆ ಕೇಬಲಿನ ತುದಿಯ ಪ್ಲಾಸ್ಟಿಕ್ ಕೊಂಡಿ. ಮದರ್‌ಬೋರ್ಡಿಗೆ 24 ಪಿನ್ನಿನ ದೊಡ್ಡ ಕೊಂಡಿ ಬೇಕು, ಅದು ಎಲ್ಲದರಲ್ಲೂ ಇರುತ್ತದೆ. ಪ್ರೊಸೆಸರಿಗೆಂದು ಮದರ್‌ಬೋರ್ಡಿನ ಮೇಲಿನ ಮೂಲೆಯಲ್ಲಿ 8 ಪಿನ್ನಿನ ಇನ್ನೊಂದು ಜಾಗವಿದ್ದು, ಅದಕ್ಕೆ 4+4 ಎಂದು ಎರಡಾಗಿ ಬಿಡಿಸಬಹುದಾದ ಕೊಂಡಿ ಬೇಕು. ಅಗ್ಗದ ಎಸ್‌ಎಂಪಿಎಸ್ಸುಗಳಲ್ಲಿ 4 ಪಿನ್ ಮಾತ್ರ ಇರುವುದುಂಟು. ಸಣ್ಣ ಪ್ರೊಸೆಸರ್ ಅದರಲ್ಲಿ ನಡೆದೀತು, ಆದರೆ ಹೊಸದಾಗಿ ಕೊಳ್ಳುವಾಗ ಅಂಥದ್ದು ಬೇಡ.

ಗ್ರಾಫಿಕ್ಸ್ ಕಾರ್ಡಿಗೆ 6+2 ಪಿನ್ನಿನ ಕೊಂಡಿಗಳು ಬೇಕು. ಮದರ್‌ಬೋರ್ಡಿನ ಸ್ಲಾಟಿನಿಂದಲೇ ಕಾರ್ಡಿಗೆ 75 ವ್ಯಾಟ್ ಸಿಗುತ್ತದೆ. 6 ಪಿನ್ನಿನ ಕೊಂಡಿ ಇನ್ನೂ 75, 8 ಪಿನ್ನಿನದು 150 ವ್ಯಾಟ್ ಕೊಡಲು ಗೊತ್ತುಮಾಡಿದವು. ನಿಮ್ಮ ಕಾರ್ಡಿನ ಅಂಚಿನಲ್ಲಿ ಎಷ್ಟು ಜಾಗಗಳಿವೆ ಎಂದು ಎಣಿಸಿ, ಅಷ್ಟೇ ಕೊಂಡಿಗಳು ಎಸ್‌ಎಂಪಿಎಸ್ಸಿನಿಂದಲೇ ಬರುತ್ತವೆಯೇ ಎಂದು ನೋಡಿ. ಕಾರ್ಡಿಗೆ ಎರಡು ಜಾಗಗಳಿದ್ದರೆ ಒಂದೇ ಕೇಬಲಿನ ಎರಡು ತುದಿಗಳನ್ನು ಸಿಕ್ಕಿಸುವ ಬದಲು ಎರಡು ಬೇರೆ ಬೇರೆ ಕೇಬಲುಗಳನ್ನು ಎಳೆಯುವುದು ಒಳ್ಳೆಯದು. ಹಾರ್ಡ್ ಡಿಸ್ಕಿನ ಹಳೆಯ ಮೋಲೆಕ್ಸ್ ಕೊಂಡಿಯಿಂದ ಗ್ರಾಫಿಕ್ಸ್ ಕಾರ್ಡಿಗೆ ವಿದ್ಯುತ್ ಕೊಡುವ ಪರಿವರ್ತಕ ತಂತಿಗಳು ಅಗ್ಗವಾಗಿ ಸಿಗುತ್ತವೆ. ಅದನ್ನು ಮಾತ್ರ ಮಾಡಬೇಡಿ. ತೆಳು ತಂತಿ ಬಿಸಿಯಾಗಿ ಕೊಂಡಿ ಕರಗುತ್ತದೆ.

ಹೊಸ ದೊಡ್ಡ ಕಾರ್ಡುಗಳಲ್ಲಿ 16 ಪಿನ್ನಿನ 12ವಿಎಚ್‌ಪಿಡಬ್ಲ್ಯುಆರ್ ಅಥವಾ ಅದರ ಸುಧಾರಿತ ರೂಪವಾದ 12ವಿ-2×6 ಎಂಬ ಜಾಗವಿರುತ್ತದೆ. ಅಂಥ ಕಾರ್ಡ್ ನಿಮ್ಮದಾದರೆ ಎಟಿಎಕ್ಸ್ 3.0 ಅಥವಾ 3.1 ಎಂದು ಬರೆದಿರುವ ಎಸ್‌ಎಂಪಿಎಸ್ಸನ್ನೇ ಕೊಳ್ಳಿ, ಮತ್ತು ಕೊಂಡಿ ಕೊನೆಯವರೆಗೆ ಒಳಹೋಗಿ ಕೂತಿದೆಯೇ ಎಂದು ಟಾರ್ಚು ಹಿಡಿದು ನೋಡಿ. ಅರ್ಧ ಕೂತ ಕೊಂಡಿಗಳು ಸುಟ್ಟುಹೋದದ್ದಿದೆ.

ಕಚೇರಿಗಳಿಂದ ಹೊರಬಿದ್ದ ಹಳೆಯ ಬ್ರಾಂಡೆಡ್ ಕಂಪ್ಯೂಟರ್ ಕೊಂಡು ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕೆಂದಿರುವವರಿಗೆ ಒಂದು ಮಾತು: ಅವುಗಳಲ್ಲಿ ಎಷ್ಟೋ ಮಾದರಿಗಳ ಮದರ್‌ಬೋರ್ಡಿನಲ್ಲಿ 24 ಪಿನ್ನಿನ ಜಾಗವೇ ಇರುವುದಿಲ್ಲ, ಕಂಪನಿಯ ಸ್ವಂತ ಕ್ರಮದ ಕೊಂಡಿ ಇರುತ್ತದೆ. ಬಾಗಿಲು ತೆಗೆದು ನೋಡದೆ ಹೊಸ ಎಸ್‌ಎಂಪಿಎಸ್ ಕೊಳ್ಳಬೇಡಿ.

4. ಅಳತೆ

ಸಾಮಾನ್ಯ ಕ್ಯಾಬಿನೆಟ್ಟುಗಳಿಗೆ ಎಟಿಎಕ್ಸ್ ಅಳತೆಯದು ಹೊಂದುತ್ತದೆ: ಅಗಲ 150 ಮಿ.ಮೀ., ಎತ್ತರ 86 ಮಿ.ಮೀ. ಉದ್ದ ಮಾತ್ರ 140ರಿಂದ 180 ಮಿ.ಮೀ. ಮತ್ತು ಅದಕ್ಕೂ ಮೇಲೆ ಬದಲಾಗುತ್ತದೆ. ಕ್ಯಾಬಿನೆಟ್ಟಿನ ವಿವರದಲ್ಲಿ ಎಷ್ಟರವರೆಗೆ ಹಿಡಿಯುತ್ತದೆಂದು ನೋಡಿ. ಎಸ್‌ಎಫ್‌ಎಕ್ಸ್ ಎಂಬುದು ಪುಟ್ಟ ಕ್ಯಾಬಿನೆಟ್ಟುಗಳಿಗೆ, ಮೊದಲ ಸಲಕ್ಕೆ ಅದರ ಗೊಡವೆ ಬೇಡ. ಎಸ್‌ಎಂಪಿಎಸ್ ತಳದಲ್ಲಿ ಕೂರುವ ಕ್ಯಾಬಿನೆಟ್ಟಾದರೆ ಪ್ರೊಸೆಸರಿನ ಕೇಬಲ್ ಹಿಂಬದಿಯಿಂದ ಸುತ್ತಿ ಮೇಲಿನ ಮೂಲೆಗೆ ಮುಟ್ಟಬೇಕು. ಅದಕ್ಕೆ 60 ಸೆಂ.ಮೀ. ಉದ್ದವಾದರೂ ಇರಲಿ.

5. ಪದಕಗಳ ಅರ್ಥ

80 ಪ್ಲಸ್ ಎಂಬುದು ದಕ್ಷತೆಯ ಗುರುತು. ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ಮುಟ್ಟಿತು, ಎಷ್ಟು ಬಿಸಿಯಾಗಿ ಪೋಲಾಯಿತು ಎಂಬುದಷ್ಟೇ ಅದು. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆ ಇರುವಾಗ ಬ್ರಾಂಜ್ ಪದಕಕ್ಕೆ ಶೇ. 85, ಗೋಲ್ಡ್‌ಗೆ ಶೇ. 90 ದಕ್ಷತೆ ಬೇಕು. “500 ವ್ಯಾಟಿನ ಶೇ. 80 ದಕ್ಷತೆಯ ಎಸ್‌ಎಂಪಿಎಸ್ 400 ವ್ಯಾಟ್ ಮಾತ್ರ ಕೊಡುತ್ತದೆ” ಎಂದು ತಿಳಿಯುವವರಿದ್ದಾರೆ, ಅದು ತಪ್ಪು. ಹೇಳಿದ ವ್ಯಾಟ್ ಕಂಪ್ಯೂಟರಿಗೆ ಸಿಗುವಂಥದ್ದು, ಪೋಲಾಗುವುದು ಅದರ ಮೇಲಿನದು.

ಉಳಿತಾಯದ ಲೆಕ್ಕವನ್ನೂ ನೋಡಿಬಿಡೋಣ. ಕಂಪ್ಯೂಟರಿಗೆ 300 ವ್ಯಾಟ್ ಬೇಕಾದಾಗ ಶೇ. 85 ದಕ್ಷತೆಯದು ಗೋಡೆಯಿಂದ ಸುಮಾರು 353 ವ್ಯಾಟ್ ಎಳೆದರೆ, ಶೇ. 90ರದು 333 ಎಳೆಯುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 2.4 ಯೂನಿಟ್ ವ್ಯತ್ಯಾಸ. ನಮ್ಮ ಎರಡು ತಿಂಗಳ ಬಿಲ್ಲಿನಲ್ಲಿ ಐದು ಯೂನಿಟ್ ಕೂಡ ಆಗಲಿಲ್ಲ. ಆದ್ದರಿಂದ ಬಿಲ್ಲಿನ ಆಸೆಗೆ ಗೋಲ್ಡ್ ಕೊಳ್ಳಬೇಕಾಗಿಲ್ಲ. ಒಳ್ಳೆಯ ಹೆಸರಿನ ಬ್ರಾಂಜ್ ಮೊದಲ ಕಂಪ್ಯೂಟರಿಗೆ ಸಾಕೆಂಬುದು ನನ್ನ ಅಭಿಪ್ರಾಯ. ಪದಕಕ್ಕಿಂತ ಮುಖ್ಯವಾಗಿ, ಪೂರ್ತಿ ವ್ಯಾಟನ್ನು ಎಷ್ಟು ಉಷ್ಣತೆಯಲ್ಲಿ ಕೊಡುತ್ತದೆಂದು ವಿವರಪಟ್ಟಿಯಲ್ಲಿ ಹುಡುಕಿ. 40 ಅಥವಾ 50 ಡಿಗ್ರಿ ಎಂದಿದ್ದರೆ ಸರಿ. ಏಪ್ರಿಲ್ ಮಧ್ಯಾಹ್ನ ತಾರಸಿ ಮನೆಯ ಕೋಣೆಯ ಸೆಕೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಅತಿ ವೋಲ್ಟ್, ಅತಿ ಹೊರೆ, ಶಾರ್ಟ್ ಸರ್ಕ್ಯೂಟ್, ಅತಿ ಬಿಸಿ, ಇವುಗಳಾದಾಗ ತಾನಾಗಿ ನಿಲ್ಲುವ ರಕ್ಷಣೆಗಳನ್ನು ಒವಿಪಿ, ಒಪಿಪಿ, ಎಸ್‌ಸಿಪಿ, ಒಟಿಪಿ ಎಂಬ ಅಕ್ಷರಗಳಿಂದ ಸೂಚಿಸುತ್ತಾರೆ. ನಾಲ್ಕೂ ಇರಲಿ.

6. ನಿಮ್ಮ ಮನೆಯ ಕರೆಂಟನ್ನು ನೋಡಿಕೊಳ್ಳಿ

ಬೇರೆಯವರ ಸಲಹೆಗಳಲ್ಲಿ ಸಿಗದ ಹಂತವಿದು, ಆದರೆ ನಮ್ಮ ಊರುಗಳಲ್ಲಿ ಎಸ್‌ಎಂಪಿಎಸ್ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ.

ಚೀಟಿಯಲ್ಲಿ ಎಸಿ ಇನ್‌ಪುಟ್ ಎಂಬ ಸಾಲಿರುತ್ತದೆ. ಅಲ್ಲಿ 200-240ವಿ ಎಂದಿದ್ದರೆ ಒಂದು ಲೆಕ್ಕ, 100-240ವಿ ಎಂದಿದ್ದರೆ ಇನ್ನೊಂದು. ಬೇಸಿಗೆಯ ಸಂಜೆ ಸುತ್ತಲಿನ ಅಡಿಕೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ಬಲ್ಬು ಮಂಕಾಗುವ ಮನೆ ನಿಮ್ಮದಾದರೆ ಎರಡನೆಯದನ್ನೇ ಆರಿಸಿ. ವೋಲ್ಟೇಜು ಇಳಿದರೂ ಅದು ಕೆಲಸ ನಿಲ್ಲಿಸುವುದಿಲ್ಲ. ಹಳೆಯ ಅಥವಾ ಬಹಳ ಅಗ್ಗದ ಎಸ್‌ಎಂಪಿಎಸ್ಸಿನ ಹಿಂದೆ 115/230 ಎಂಬ ಕೆಂಪು ಗುಂಡಿ ಇರುವುದುಂಟು. ಅದು 115ರಲ್ಲಿ ಇರುವಾಗ ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ‘ಢಂ’ ಎಂಬ ಸದ್ದಿನೊಂದಿಗೆ ಅದರ ಕತೆ ಮುಗಿಯುತ್ತದೆ.

ಇನ್ನು ಅರ್ತಿಂಗ್. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಿರುಪಿಗೆ ಬೆರಳು ತಾಗಿದಾಗ ಜುಮ್ಮೆನ್ನುತ್ತದೆಯೇ? ಅದು ಎಸ್‌ಎಂಪಿಎಸ್ಸಿನ ದೋಷವಲ್ಲ. ಅದರೊಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಅತಿ ಸಣ್ಣ ವಿದ್ಯುತ್ತು ಭೂಮಿಗೆ ಹೋಗಲು ದಾರಿಯಿಲ್ಲದೆ ಕ್ಯಾಬಿನೆಟ್ಟಿನ ಮೈಯಲ್ಲಿ ನಿಂತಿದೆ ಎಂದರ್ಥ. ಮುರಕಲ್ಲಿನ ಗುಡ್ಡದ ಮೇಲಿನ ಮನೆಗಳಲ್ಲಿ ಅರ್ತ್ ಗುಂಡಿ ಮಾರ್ಚ್ ಬಂದೊಡನೆ ಒಣಗಿ ಕೆಲಸ ಬಿಡುವುದು ಸಾಮಾನ್ಯ. ಗುಂಡಿಗೆ ಆಗಾಗ ನೀರು ಹೊಯ್ಯುತ್ತಿರಿ, ಮತ್ತು ಪ್ಲಗ್ಗಿನ ಮೂರನೆಯ ತೂತಿಗೆ ತಂತಿ ಬಂದಿದೆಯೇ ಎಂದು ಲೈನ್‌ಮನ್ನಿಂದಲ್ಲ, ವಯರಿಂಗ್ ಗೊತ್ತಿರುವ ಎಲೆಕ್ಟ್ರಿಷಿಯನ್ನಿಂದ ಪರೀಕ್ಷೆ ಮಾಡಿಸಿ. ಮೂರು ಪಿನ್ನಿನ ಕೇಬಲನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಲೇಬೇಡಿ.

ಯುಪಿಎಸ್ ಇಡುವವರು ಅದರ ಮೇಲೆ ಬರೆದಿರುವ ವಿಎ (ವೋಲ್ಟ್-ಆಂಪಿಯರ್) ಮತ್ತು ವ್ಯಾಟ್ ಒಂದೇ ಅಲ್ಲವೆಂದು ತಿಳಿದಿರಬೇಕು. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ 360 ವ್ಯಾಟಿನಷ್ಟು ಮಾತ್ರ ಹೊರಬಲ್ಲದು. ಮೇಲಿನ ಉದಾಹರಣೆಯ ಕಂಪ್ಯೂಟರ್ ಆಟದ ವೇಳೆ ಗೋಡೆಯಿಂದ 350ಕ್ಕಿಂತ ಹೆಚ್ಚು ಎಳೆದು, ಮಾನಿಟರಿನದೂ ಸೇರಿದರೆ ಮಿತಿ ದಾಟಿತು. ಕರೆಂಟು ಹೋದ ಕ್ಷಣವೇ ಯುಪಿಎಸ್ ಕೀರಲು ಸ್ವರ ಹೊರಡಿಸಿ ಕೈಕೊಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ 1000 ವಿಎ ಮೇಲಿನದನ್ನು ನೋಡಿ. ಮನೆಯ ಇನ್ವರ್ಟರಿಗೇ ಜೋಡಿಸುವುದಾದರೆ ಅದು ಗೋಡೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಆಗಿದ್ದು, ಅದರ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿರಲಿ. ಎಸ್‌ಎಂಪಿಎಸ್ ಕರೆಂಟಿಲ್ಲದೆ ತಾಳಿಕೊಳ್ಳುವುದು ಸೆಕೆಂಡಿನ ಅರುವತ್ತನೆಯ ಒಂದು ಪಾಲಿನಷ್ಟು ಹೊತ್ತು ಮಾತ್ರ. ಸಾಮಾನ್ಯ ಮೋಡಿನಲ್ಲಿ ಇನ್ವರ್ಟರ್ ಅದಕ್ಕಿಂತ ನಿಧಾನವಾಗಿ ಬದಲಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಸಿಡಿಲಿನ ವಿಷಯ. ಮಳೆಗಾಲಕ್ಕೆ ಮೊದಲು ಮತ್ತು ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಂಜೆಗಳಲ್ಲಿ ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಸ್ವಿಚ್ಚು ಒಂದು ತಂತಿಯನ್ನು ಮಾತ್ರ ಕಡಿಯುತ್ತದೆ. ಇಂಟರ್ನೆಟ್ಟಿನ ಲ್ಯಾನ್ ಕೇಬಲನ್ನೂ ಕಳಚಿ. ಸ್ಪೈಕ್ ಗಾರ್ಡ್ ಇದೆಯೆಂಬ ಧೈರ್ಯ ಬೇಡ. ಮಳೆಗಾಲದಲ್ಲಿ ನೆಲ ಬೆವರುವ ಕೋಣೆಯಾದರೆ ಕ್ಯಾಬಿನೆಟ್ಟನ್ನು ನೆಲಕ್ಕಿಡದೆ ಮೇಜಿನ ಮೇಲೋ ಮಣೆಯ ಮೇಲೋ ಇಡಿ, ಮತ್ತು ಬಳಸದಿದ್ದರೂ ವಾರಕ್ಕೆರಡು ಸಲ ಒಂದು ಗಂಟೆ ಓಡಿಸಿ. ಆ ಬಿಸಿಗೆ ಒಳಗಿನ ತೇವ ಆರುತ್ತದೆ, ಇರುವೆಗಳೂ ಗೂಡು ಕಟ್ಟುವುದಿಲ್ಲ.

7. ಕೊಳ್ಳುವಾಗ

ಒಳ್ಳೆಯ ಎಸ್‌ಎಂಪಿಎಸ್ಸಿಗೆ 5 ವರ್ಷ ಅಥವಾ ಹೆಚ್ಚಿನ ವಾರಂಟಿ ಇರುತ್ತದೆ. ತಲಪಾಡಿ ದಾಟಿ ಮಂಗಳೂರಿನಲ್ಲಿ ಕೊಂಡರೂ, ಕಾಸರಗೋಡಿನಲ್ಲೇ ಕೊಂಡರೂ, ಆನ್‌ಲೈನಿನಲ್ಲಿ ತರಿಸಿದರೂ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು, ಕೊರಿಯರ್ ಖರ್ಚು ಯಾರದು ಎಂದು ಹಣ ಕೊಡುವ ಮೊದಲೇ ಕೇಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಉಳಿದ ಭಾಗಗಳನ್ನು ಸೆಕೆಂಡ್ ಹ್ಯಾಂಡ್ ಕೊಂಡರೂ ಇದೊಂದನ್ನು ಹೊಸದೇ ಕೊಳ್ಳಿ.

8. ಜೋಡಿಸುವಾಗ ಮತ್ತು ಮೊದಲ ಸಲ ಹಚ್ಚುವಾಗ

ತಳದಲ್ಲಿ ಜಾಲರಿ ಇರುವ ಕ್ಯಾಬಿನೆಟ್ಟಾದರೆ ಎಸ್‌ಎಂಪಿಎಸ್ಸಿನ ಫ್ಯಾನ್ ಕೆಳಮುಖವಾಗಿರಲಿ. ಜಾಲರಿ ಇಲ್ಲದಿದ್ದರೆ ಮೇಲ್ಮುಖವಾಗಿ ಕೂರಿಸಿ. ನಾಲ್ಕು ತಿರುಪುಗಳನ್ನು ಮೊದಲು ಸಡಿಲವಾಗಿ ಹಾಕಿ, ಎಲ್ಲವೂ ಕೂತ ಮೇಲೆ ಬಿಗಿಮಾಡಿ. ಪ್ರೊಸೆಸರಿನ 4+4 ಕೊಂಡಿಯೂ ಗ್ರಾಫಿಕ್ಸಿನ 6+2 ಕೊಂಡಿಯೂ ನೋಡಲು ಅವಳಿಗಳಂತಿವೆ, ಆದರೆ ಅವುಗಳ ಧನ ಋಣ ಅದಲುಬದಲು. ತಪ್ಪು ಜಾಗಕ್ಕೆ ಅದು ಸುಲಭದಲ್ಲಿ ಹೋಗದು. ಹೋಗದಿದ್ದರೆ ಬಲ ಹಾಕಬೇಡಿ, ಕೊಂಡಿಯ ಮೇಲಿನ ಅಕ್ಷರ ಓದಿ. ಸರಿಯಾದದ್ದು ‘ಟಕ್’ ಎಂದು ಕೂರುತ್ತದೆ.

ಹಿಂದಿನ ಸ್ವಿಚ್ಚಿನಲ್ಲಿ ಗೆರೆಯ ಗುರುತು ಆನ್, ಸೊನ್ನೆ ಆಫ್. ಹಚ್ಚಿದ ಮೇಲೆ ಬಯಾಸ್ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗಿನ ಪರದೆ) ತೆರೆದು 12 ವೋಲ್ಟಿನ ಸಾಲು ಎಷ್ಟು ತೋರಿಸುತ್ತದೆಂದು ನೋಡಿ, 11.4ರಿಂದ 12.6ರ ಒಳಗಿದ್ದರೆ ಸರಿ. ಏನೂ ಆಗದಿದ್ದರೆ ಮೊದಲು ಹಿಂದಿನ ಸ್ವಿಚ್ಚು, ಆಮೇಲೆ ಪ್ರೊಸೆಸರಿನ ಕೊಂಡಿ, ಆಮೇಲೆ ಕ್ಯಾಬಿನೆಟ್ಟಿನ ಪವರ್ ಗುಂಡಿಯ ಸಣ್ಣ ತಂತಿ, ಈ ಕ್ರಮದಲ್ಲಿ ನೋಡಿ. ತೊಂದರೆ ಹೆಚ್ಚಾಗಿ ಈ ಮೂರರಲ್ಲೇ ಸಿಗುತ್ತದೆ. ಏನೇ ಆದರೂ ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ಕೇಬಲುಗಳನ್ನು ಡಬ್ಬಿಯಿಂದ ಬೇರ್ಪಡಿಸಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಕೊಂಡಿದ್ದರೆ, ಉಳಿದ ಕೇಬಲುಗಳನ್ನು ಒಂದು ಚೀಲದಲ್ಲಿ ಹಾಕಿ ಅದರ ಮೇಲೆ ಎಸ್‌ಎಂಪಿಎಸ್ಸಿನ ಪೂರ್ತಿ ಮಾದರಿ ಹೆಸರು ಬರೆದಿಡಿ. ಡಬ್ಬಿಯ ಕಡೆಯ ಪಿನ್ನುಗಳ ಜೋಡಣೆಗೆ ಎಲ್ಲ ಕಂಪನಿಗಳಿಗೂ ಸಮಾನವಾದ ನಿಯಮವಿಲ್ಲ. ನಾಲ್ಕು ವರ್ಷದ ಮೇಲೆ ಹೊಸ ಎಸ್‌ಎಂಪಿಎಸ್ ತಂದು, ಇದು ಹೊಂದುತ್ತದಲ್ಲಾ ಎಂದು ಹಳೆಯ ಕೇಬಲನ್ನೇ ಸಿಕ್ಕಿಸಿದರೆ 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿ ಹಾರ್ಡ್ ಡಿಸ್ಕ್ ಅದರಲ್ಲಿದ್ದ ಫೋಟೋಗಳ ಸಮೇತ ಸುಟ್ಟುಹೋಗುತ್ತದೆ.